ಮರಳು ಮೊದಲು, ಮೀನು ಕೊನೆಗೆ: ಮನೆಯ ಉಪ್ಪುನೀರಿನ ತೊಟ್ಟಿಯಲ್ಲಿ ಟ್ಯೂಬ್ ಅನಿಮೋನ್

ನನ್ನ ಮೊದಲ ಟ್ಯೂಬ್ ಅನಿಮೋನ್ ನನ್ನ ಫೈರ್‌ಫಿಶ್‌ ಅನ್ನು ತಿಂದುಹಾಕಿತು. ಹೂವಿನ ಹಾಗೆ ಕಾಣುವ, ಮರಳಿನಲ್ಲಿ ಕೊಳವೆ ಮಾಡಿಕೊಂಡು ಬದುಕುವ ಕಡಲ ಪ್ರಾಣಿ ಈ ಅನಿಮೋನ್. ರಾತ್ರಿ ಲೈಟ್ ಆರಿಸುವಾಗ ಮೀನು ಇತ್ತು. ಬೆಳಿಗ್ಗೆ ಹಲ್ಲುಜ್ಜುತ್ತಾ ಬಂದು ನೋಡಿದರೆ ಹೂವಿನ ನಡುವಿನಿಂದ ಬಾಲದ ತುದಿ ಮಾತ್ರ ಕಾಣುತ್ತಿತ್ತು. "ಕ್ಲೌನ್ ಮೀನು ಇದರೊಳಗೇ ಮನೆ ಮಾಡ್ಕೊಳ್ಳುತ್ತೆ ಸಾರ್, ಯಾವ ಮೀನಿಗೂ ಏನೂ ಮಾಡಲ್ಲ" ಅಂತ ಅಂಗಡಿಯವರು ಹೇಳಿದ್ದನ್ನು ನಂಬಿ, ಒಂದಕ್ಷರ ಓದದೆ ಚೀಲ ಹಿಡಿದು ಮನೆಗೆ ಬಂದವನು ನಾನು. ಆ ಮಾತಿನ ಎರಡೂ ಭಾಗ ಸುಳ್ಳು ಅಂತ ಗೊತ್ತಾಗಲು ಒಂದು ಮೀನು ಹೋಗಬೇಕಾಯಿತು.

ಹಾಗಂತ ಇದು ಸಾಕೋಕೆ ಕಷ್ಟದ ಜೀವಿ ಅಲ್ಲ. ಬಬಲ್ ಟಿಪ್, ಕಾರ್ಪೆಟ್ ಅನಿಮೋನ್‌ಗಳಿಗೆ ಹೋಲಿಸಿದರೆ ಎಷ್ಟೋ ಸುಲಭ. ಜೋರು ಬೆಳಕು ಕೇಳುವುದಿಲ್ಲ, ಜಾಗ ಹಿಡಿಸಿದರೆ ತೊಟ್ಟಿಯೆಲ್ಲ ಅಲೆಯುವುದಿಲ್ಲ. ನಾವು ಕೆಲಸವನ್ನು ತಿರುಗಾಮುರುಗಾ ಮಾಡುತ್ತೇವೆ, ತೊಂದರೆ ಇರುವುದು ಅಲ್ಲಿ. ಇಷ್ಟದ ಮೀನೆಲ್ಲ ಬಿಟ್ಟು, ತೊಟ್ಟಿ ತುಂಬಿದ ಮೇಲೆ ಚೆಂದಕ್ಕೆ ಅಂತ ಒಂದು ಹೂವು ತಂದು ಮೂಲೆಗೆ ಇಡುತ್ತೇವೆ. ಮೊದಲು ಇದರ ಮರಳು, ಆಮೇಲೆ ಇದು, ಕೊನೆಗೆ ಇದಕ್ಕೆ ಹೊಂದುವ ಮೀನು. ಈ ಲೇಖನವೂ ಅದೇ ಸಾಲಿನಲ್ಲಿ ಹೋಗುತ್ತದೆ.

ಮೊದಲು ಇದು ಏನು ಅಂತ ತಿಳಿದುಕೊಳ್ಳಿ

ಹೆಸರಿನಲ್ಲಿ ಅನಿಮೋನ್ ಇದ್ದರೂ ಇದು ನಿಜವಾದ ಕಡಲ ಅನಿಮೋನ್ ಅಲ್ಲ. ವಿಜ್ಞಾನಿಗಳು ಇದನ್ನು ಸೆರಿಯಾಂಥೇರಿಯಾ ಅನ್ನುವ ಬೇರೆ ಗುಂಪಿಗೆ ಹಾಕಿದ್ದಾರೆ. ಸೆರಿಯಾಂಥಸ್, ಪ್ಯಾಕಿಸೆರಿಯಾಂಥಸ್ ಅಂತೆಲ್ಲ ಹೆಸರು ಕಂಡರೆ ಅದು ಇದೇ. ಅಂಗಡಿಯಲ್ಲಿ ಮಾತ್ರ ಯಾವುದನ್ನು ಕೇಳಿದರೂ "ಟ್ಯೂಬ್".

ನಿಜವಾದ ಅನಿಮೋನ್‌ಗೆ ಕೆಳಗೆ ಚಪ್ಪಟೆ ಪಾದ ಇರುತ್ತದೆ, ಅದರಿಂದ ಬಂಡೆಗೆ ಅಂಟಿಕೊಳ್ಳುತ್ತದೆ. ಇದಕ್ಕೆ ಪಾದ ಇಲ್ಲ. ಮೈ ಉದ್ದ, ಬುಡ ಮೂಲಂಗಿ ತುದಿಯ ಹಾಗೆ ಚೂಪು. ಆ ತುದಿಯಿಂದ ಮರಳು ಕೊರೆದು ಒಳಗಿಳಿದು, ತನ್ನ ಸುತ್ತ ತಾನೇ ಒಂದು ಕೊಳವೆ ನೇಯ್ದುಕೊಂಡು ಅದರೊಳಗೆ ಬದುಕುತ್ತದೆ. ನೇಯುವ ದಾರ ಎಲ್ಲಿಂದ ಬರುತ್ತದೆ ಅನ್ನುವುದು ಮಜಾ ಇದೆ. ಕುಟುಕಲು ಬಳಸುವಂಥ ಕೋಶಗಳದ್ದೇ ಒಂದು ಬಗೆ ಇವುಗಳ ಮೈಮೇಲೆ ಇರುತ್ತದೆ, ಹೆಸರು ಟೈಕೋಸಿಸ್ಟ್. ಇವು ಸಿಡಿದು ಸಣ್ಣ ನೂಲು ಬಿಡುತ್ತವೆ. ಆ ನೂಲು, ಲೋಳೆ, ಮರಳಿನ ಕಣ ಎಲ್ಲ ಕೂಡಿಕೊಂಡು ನೆನೆದ ಚರ್ಮದಂಥ ಕೊಳವೆ ಆಗುತ್ತದೆ. ಕಡಲಲ್ಲಿ ಕೆಲವದರ ಕೊಳವೆ ಒಂದು ಮೀಟರಿಗಿಂತ ಉದ್ದ ಇರುತ್ತದೆ. ಒಳಗಿನ ಜೀವಿ ಅಷ್ಟುದ್ದ ಇರುವುದಿಲ್ಲ. ಅಪಾಯ ಬಂದಾಗ ಜಾರಿ ಕೆಳಗೆ ಹೋಗೋಕೆ ಅಷ್ಟು ಜಾಗ. ತೊಟ್ಟಿಯ ಮುಂದೆ ಕೈ ಆಡಿಸಿ ನೋಡಿ, ಅಷ್ಟು ದೊಡ್ಡ ಹೂವು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮಾಯ. ಅಮ್ಮ ಮೊದಲ ಸಲ ನೋಡಿದಾಗ "ಇದು ಹೂವಾ, ಹಾವಾ?" ಅಂತ ಕೇಳಿದ್ದರು.

ಮೇಲೆ ಕಾಣುವ ಎಳೆಗಳು ಎರಡು ಸುತ್ತು. ಹೊರಗಿನವು ಉದ್ದ, ಬೇಟೆ ಹಿಡಿಯಲು. ಒಳಗೆ ಬಾಯಿಯ ಸುತ್ತ ಗಿಡ್ಡ ಎಳೆಗಳ ಇನ್ನೊಂದು ಗೊಂಚಲು, ಹಿಡಿದದ್ದನ್ನು ಬಾಯಿಗೆ ತಳ್ಳಲು. ಅಂಗಡಿಯವರ ಮಾತಿನ ಮೇಲೆ ಅನುಮಾನ ಬಂದರೆ ಈ ಎರಡು ಸುತ್ತು ನೋಡಿ ಗುರುತು ಹಿಡಿಯಬಹುದು.

ಇನ್ನೊಂದು ವಿಷಯ ಚೆನ್ನಾಗಿ ನೆನಪಿಡಿ. ಬಬಲ್ ಟಿಪ್‌ನಂಥವುಗಳ ಮೈಯೊಳಗೆ ಬೆಳಕಿನಿಂದ ಆಹಾರ ಮಾಡುವ ಪಾಚಿ ಇರುತ್ತದೆ. ಇದರೊಳಗೆ ಅದು ಇಲ್ಲ. ಬೆಳಕು ಬೇಡ ಅನ್ನುವುದು ನಿಮಗೆ ಉಳಿತಾಯ, ಆದರೆ ಊಟ ಪೂರ್ತಿ ನಿಮ್ಮ ಕೈಯಲ್ಲಿ. ನೀವು ಹಾಕದಿದ್ದರೆ ಉಪವಾಸ.

ಮತ್ತೆ ಕ್ಲೌನ್ ಮೀನು? ಜಗತ್ತಿನಲ್ಲಿ ಕ್ಲೌನ್ ಮೀನುಗಳಿಗೆ ಮನೆಯಾಗುವುದು ಸುಮಾರು 10 ಜಾತಿಯ ಅನಿಮೋನ್ ಮಾತ್ರ, ಎಲ್ಲವೂ ನಿಜವಾದ ಅನಿಮೋನ್‌ಗಳು. ಟ್ಯೂಬ್ ಆ ಪಟ್ಟಿಯಲ್ಲೇ ಇಲ್ಲ. ತೊಟ್ಟಿಯಲ್ಲಿ ಬೇರೇನೂ ಸಿಗದೆ ಯಾವುದೋ ಒಂದು ಕ್ಲೌನ್ ಇದಕ್ಕೆ ಮೈ ಉಜ್ಜಬಹುದು. ಹಾಗೆ ಉಜ್ಜುವ ಮೀನು ಕುಟುಕಿಸಿಕೊಳ್ಳಲೂಬಹುದು.

ತೊಟ್ಟಿ ಮತ್ತು ಮರಳಿನ ಲೆಕ್ಕ

200 ಲೀಟರಿಗಿಂತ ಚಿಕ್ಕ ತೊಟ್ಟಿ ಇದ್ದರೆ ಈ ಆಸೆ ಸದ್ಯಕ್ಕೆ ಬಿಡಿ. ಹೂವು ಅರಳಿದಾಗ ಒಂದಡಿ ಅಗಲ ಆಗುವುದು ಸಾಮಾನ್ಯ. ಅದರ ಸುತ್ತ ಇನ್ನೊಂದು ಗೇಣು ಖಾಲಿ ಜಾಗ ಬೇಕು, ಯಾಕೆಂದರೆ ಎಳೆಗೆ ಏನು ತಾಗಿದರೂ ಕುಟುಕುತ್ತದೆ. ಪಕ್ಕದಲ್ಲಿ ಮೆತ್ತನೆ ಹವಳ ಇದ್ದರೆ ಅದು ಸುಟ್ಟ ಹಾಗೆ ಆಗುತ್ತದೆ. ಚಿಕ್ಕ ತೊಟ್ಟಿಯಲ್ಲಿ ಮೀನು ತಪ್ಪಿಸಿಕೊಂಡು ಓಡಾಡಲು ದಾರಿಯೇ ಉಳಿಯುವುದಿಲ್ಲ.

ಮರಳು ಕನಿಷ್ಠ 15 ಸೆಂಟಿಮೀಟರ್ ಆಳ ಬೇಕು. ಹೇಳೋಕೆ ಸುಲಭ, ಲೆಕ್ಕ ಹಾಕಿ ನೋಡಿ. ನನ್ನ ತೊಟ್ಟಿ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, 2 ಅಡಿ ಎತ್ತರ, ಅಂದರೆ ಸುಮಾರು 120, 45, 60 ಸೆಂಟಿಮೀಟರ್. ತಳ ಪೂರ್ತಿ 15 ಸೆಂಟಿಮೀಟರ್ ತುಂಬಿಸಿದರೆ 81 ಲೀಟರ್ ಮರಳು, ತೂಕ 120 ಕಿಲೋ ಮೇಲೆ. ದುಡ್ಡು ಹಾಗಿರಲಿ, ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ ಅಷ್ಟು ಭಾರ ಒಂದೇ ಗೋಡೆ ಪಕ್ಕ ಇಡಲು ನನಗೆ ಧೈರ್ಯ ಬರಲಿಲ್ಲ. ಅಷ್ಟೂ ಬೇಕಾಗಿಯೂ ಇಲ್ಲ. ಎರಡು ದಾರಿ ಇದೆ.

ಒಂದು, ಮೂಲೆಯಲ್ಲಿ ಮಾತ್ರ ಆಳ ಮಾಡುವುದು. 30 ಸೆಂಟಿಮೀಟರ್ ಉದ್ದ ಅಗಲ, 20 ಸೆಂಟಿಮೀಟರ್ ಎತ್ತರದ ಒಂದು ಡಬ್ಬಿ. ಗಾಜಿನಲ್ಲಿ ಮಾಡಿಸಬಹುದು, ಅಕ್ಕಿ ಬೇಳೆ ತುಂಬುವ ಪ್ಲಾಸ್ಟಿಕ್ ಡಬ್ಬಿಯೂ ನಡೆಯುತ್ತದೆ. 18 ಲೀಟರ್ ಮರಳು, 30 ಕಿಲೋ ಒಳಗೆ ಮುಗಿಯಿತು. ಮುಂದೆ ಎರಡು ಕಲ್ಲು ಜೋಡಿಸಿದರೆ ಡಬ್ಬಿ ಕಾಣುವುದೂ ಇಲ್ಲ. ನಾನು ಈಗ ಮಾಡಿರುವುದು ಇದನ್ನೇ.

ಇನ್ನೊಂದು, ಪಿವಿಸಿ ಪೈಪ್. ಎರಡು ಇಂಚಿನ ಪೈಪ್, ಒಂದು ಗೇಣು ಉದ್ದ, ಕೆಳಗೆ ಒಂದು ಮುಚ್ಚಳ ಅಥವಾ ಎಲ್ಬೋ. ಒಳಗೆ ಮರಳು ತುಂಬಿ, ಓರೆಯಾಗಿ ಮಲಗಿಸಿ, ಮೇಲೆ ಮರಳು ಕಲ್ಲು ಹಾಕಿ ಮುಚ್ಚಿ ಬಾಯಿ ಮಾತ್ರ ಹೊರಗೆ ಬಿಡಿ. ಓರೆ ಇಟ್ಟರೆ ಅದಕ್ಕೇನೂ ಬೇಜಾರಿಲ್ಲ. ಸಾಲ್ವೆಂಟ್ ಅಂಟು ಹಚ್ಚಬೇಡಿ, ಒತ್ತಿ ಕೂರಿಸಿದರೆ ಸಾಕು. ಅಂಚನ್ನು ಉಪ್ಪುಕಾಗದದಿಂದ ಉಜ್ಜಿ ನಯ ಮಾಡಿ. ಇಲ್ಲದಿದ್ದರೆ ಹೂವು ಒಳಗೆ ಸರಕ್ಕನೆ ಇಳಿಯುವಾಗ ಮೈ ಹರಿಯುತ್ತದೆ.

ಮರಳು ಅಂದರೆ ಅರಗೊನೈಟ್, ಅಂದರೆ ಚಿಪ್ಪು ಹವಳಗಳಲ್ಲಿ ಇರುವಂಥ ಸುಣ್ಣದ ಮರಳು, ಸಣ್ಣ ಕಣದ್ದು. ಮನೆ ಕಟ್ಟುವಲ್ಲಿಂದ ಒಂದು ಬುಟ್ಟಿ ಎಂ ಸ್ಯಾಂಡ್ ತರುವ ಯೋಚನೆ ಬಂದರೆ ಅಲ್ಲೇ ನಿಲ್ಲಿಸಿ. ಅದು ಕಲ್ಲು ಪುಡಿ ಮಾಡಿದ್ದು, ಅಂಚೆಲ್ಲ ಚೂಪು. ಆಳದ ಮರಳಿನ ತಳದಲ್ಲಿ ಕ್ರಮೇಣ ಆಮ್ಲಜನಕ ಇಲ್ಲದಂತಾಗಿ ಕಪ್ಪು ಕಲೆ ಕಾಣಬಹುದು. ಅದನ್ನು ಕೈ ಹಾಕಿ ಕದಡಬೇಡಿ, ಕೊಳೆತ ಮೊಟ್ಟೆ ವಾಸನೆಯ ಗ್ಯಾಸ್ ನೀರಿಗೆ ಬರುತ್ತದೆ, ಮೀನಿಗೆ ಅದು ವಿಷ.

ಕಲ್ಲಿನ ವಿಷಯಕ್ಕೆ ಬಂದರೆ, ಕಾರ್ಖಾನೆಯಲ್ಲಿ ಮಾಡಿದ ಸೆರಾಮಿಕ್ ಕಲ್ಲು ಸಿಗುತ್ತದೆ, ಅದನ್ನೇ ಹಾಕಿ. ನಮ್ಮಲ್ಲಿ ಕಲ್ಲು ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಚ್ಛೇದದಲ್ಲಿವೆ, ಅಂದರೆ ಹುಲಿ ಇರುವ ಪಟ್ಟಿಯಲ್ಲೇ. ನೇತ್ರಾಣಿಗೆ ಡೈವಿಂಗ್ ಹೋದಾಗ ನೆನಪಿಗೆ ಅಂತ ಒಂದು ತುಂಡು ಹವಳ ಜೇಬಿಗೆ ಹಾಕಿಕೊಳ್ಳುವುದು ತಮಾಷೆಯ ವಿಷಯ ಅಲ್ಲ.

ನೀರು

ಬೆಂಗಳೂರಿನಲ್ಲಿ ಬೋರ್‌ವೆಲ್ ನೀರು ಗಡಸು, ಕಾವೇರಿ ನೀರಿನಲ್ಲಿ ಕ್ಲೋರಿನ್. ಎರಡನ್ನೂ ನೇರವಾಗಿ ಬಳಸಬೇಡಿ. ಆರ್‌ಒ ನೀರು ಬೇಕು, ಉಳಿದ ಲವಣವನ್ನೂ ತೆಗೆಯುವ ಡಿಐ ಫಿಲ್ಟರ್ ಕೂಡ ಇದ್ದರೆ ಇನ್ನೂ ಒಳ್ಳೆಯದು. ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್‌ನಲ್ಲಿ ಸೊನ್ನೆಗೆ ಹತ್ತಿರ ಇರಲಿ. ಅಡುಗೆಮನೆಯ ಆರ್‌ಒ ಯಂತ್ರಗಳಲ್ಲಿ ಕೆಲವು ರುಚಿಗೆ ಅಂತ ಖನಿಜ ವಾಪಸ್ ಸೇರಿಸುತ್ತವೆ, ಕೆಲವಕ್ಕೆ ತಾಮ್ರದ ಕಾರ್ಟ್ರಿಜ್ ಬೇರೆ ಇರುತ್ತದೆ. ಆ ತಾಮ್ರದ ನೀರು ನಿಮಗೆ ಒಳ್ಳೆಯದೋ ಅಲ್ಲವೋ ನಾನು ಹೇಳಲ್ಲ, ಅನಿಮೋನ್‌ಗಂತೂ ಸಾವು. ನೀರು ತುಂಬಿಡಲು ತಾಮ್ರದ ಕೊಡ, ಹಿತ್ತಾಳೆ ಬಿಂದಿಗೆ ಕೂಡ ಬೇಡ. ಪ್ಲಾಸ್ಟಿಕ್ ಬಕೆಟ್ ಒಂದನ್ನು ಇದಕ್ಕೇ ಅಂತ ತೆಗೆದಿಡಿ, ಸೋಪಿನ ಬಕೆಟ್ ಮುಟ್ಟಬೇಡಿ.

ಉಪ್ಪು ಅಕ್ವೇರಿಯಂಗೆ ಅಂತಲೇ ಮಾಡಿದ್ದು, ಲೀಟರಿಗೆ ಅಂದಾಜು 35 ಗ್ರಾಂ. ಬೆರೆಸಿ, ಒಂದು ಚಿಕ್ಕ ಪಂಪ್ ಹಾಕಿ ರಾತ್ರಿಯಿಡೀ ಓಡಲು ಬಿಟ್ಟು ಬೆಳಿಗ್ಗೆ ಅಳೆಯಿರಿ. ಸಾಂದ್ರತೆ 1.024ರಿಂದ 1.026 ಒಳಗೆ ಬರಬೇಕು. ಅಳೆಯಲು ರಿಫ್ರಾಕ್ಟೋಮೀಟರ್ ತಗೊಳ್ಳಿ, ಮುಳ್ಳು ಆಡುವ ಪ್ಲಾಸ್ಟಿಕ್ ಹೈಡ್ರೋಮೀಟರ್ ಇವತ್ತೊಂದು ನಾಳೆಯೊಂದು ಹೇಳುತ್ತದೆ. ನಮ್ಮ ಭಾವ ಪ್ರತಿ ಸಲ ಊರಿಂದ ಫೋನ್ ಮಾಡಿದಾಗ "ಮಲ್ಪೆಯಿಂದ ನಾಲ್ಕು ಕ್ಯಾನ್ ನೀರು ಕಳಿಸ್ಲಾ?" ಅಂತಾರೆ. ದಡದ ನೀರಿನಲ್ಲಿ ಕೆಸರು, ಬೋಟಿನ ಎಣ್ಣೆ, ಮಳೆಗಾಲದಲ್ಲಿ ಹೊಳೆಯ ಸಿಹಿನೀರು ಎಲ್ಲ ಸೇರಿರುತ್ತದೆ. ಬೇಡ ಭಾವಾ.

ಉಳಿದ ಅಳತೆ ಇಷ್ಟು: ಉಷ್ಣತೆ 24ರಿಂದ 26 ಡಿಗ್ರಿ, ಪಿಹೆಚ್ 8.1ರಿಂದ 8.4, ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆ, ನೈಟ್ರೇಟ್ 20 ಪಿಪಿಎಂ ಒಳಗೆ. ಬೆಂಗಳೂರಿನಲ್ಲಿ ಏಪ್ರಿಲ್ ಬಿಟ್ಟರೆ ಉಷ್ಣತೆ ಅಷ್ಟು ಕಾಡುವುದಿಲ್ಲ, ನೀರಿನ ಮೇಲೆ ಒಂದು ಚಿಕ್ಕ ಫ್ಯಾನ್ ಬೀಸಿದರೆ ಎರಡು ಡಿಗ್ರಿಯಾದರೂ ಇಳಿಯುತ್ತದೆ. ಮಂಗಳೂರು, ಉಡುಪಿ, ಕಾರವಾರದವರಿಗೆ ಆ ಸೆಕೆಯಲ್ಲಿ ಫ್ಯಾನ್ ಸಾಲುವುದಿಲ್ಲ, ಚಿಲ್ಲರ್ ಲೆಕ್ಕದಲ್ಲಿ ಇಟ್ಟುಕೊಳ್ಳಿ. ಫ್ಯಾನ್ ಹಾಕಿದರೆ ನೀರು ಬೇಗ ಆವಿಯಾಗುತ್ತದೆ. ಕಡಿಮೆ ಆದದ್ದಕ್ಕೆ ಬರೀ ಆರ್‌ಒ ಸಿಹಿನೀರು ಸೇರಿಸಿ. ಆವಿಯಾಗುವುದು ನೀರು, ಉಪ್ಪು ಅಲ್ಲೇ ಇರುತ್ತದೆ ಅಲ್ವಾ? ಉಪ್ಪುನೀರೇ ಸೇರಿಸುತ್ತಾ ಹೋದರೆ ತಿಂಗಳಲ್ಲಿ ತೊಟ್ಟಿ ಉಪ್ಪಿನಕಾಯಿ ಜಾಡಿ.

ಪ್ರೋಟೀನ್ ಸ್ಕಿಮ್ಮರ್, ಅಂದರೆ ನೀರಿನ ಕೊಳೆಯನ್ನು ನೊರೆ ಮಾಡಿ ಎತ್ತುವ ಯಂತ್ರ, ಬೇಕೇ ಬೇಕು. ಮಾಂಸದ ಊಟ ಹಾಕುವ ತೊಟ್ಟಿ ಇದು, ಮೇಲಿಂದ ಈ ಹೂವು ಬಿಡುವ ಲೋಳೆ. ವಾರಕ್ಕೆ 10 ಪರ್ಸೆಂಟ್ ನೀರು ಬದಲಿಸಿ.

ಆಮೇಲೆ ಕಾಯಿರಿ. ಒಂದು ತುಂಡು ಸಿಗಡಿ ಹಾಕಿ ಕೊಳೆಯಲು ಬಿಟ್ಟರೆ ಅಮೋನಿಯಾ ಏರುತ್ತದೆ, ಅದನ್ನು ತಿನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಅಮೋನಿಯಾ ನೈಟ್ರೈಟ್ ಆಗಿ, ನೈಟ್ರೈಟ್ ನೈಟ್ರೇಟ್ ಆಗಿ, ಮೊದಲಿನೆರಡು ಸೊನ್ನೆಗೆ ಇಳಿಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಆಗ ಮೂರು ಹಸಿರು ಕ್ರೋಮಿಸ್ ಮೀನು ಬಿಡಿ, ಮೂರೇ ಮೂರು, ಉಳಿದ ಮೀನೆಲ್ಲ ಅನಿಮೋನ್ ಬಂದ ಮೇಲೆ. ಅನಿಮೋನ್ ತರುವುದು ತೊಟ್ಟಿಗೆ ಐದಾರು ತಿಂಗಳು ತುಂಬಿದ ಮೇಲೆ. ಗೊತ್ತು, ಕಷ್ಟ. ನಾನೂ ಮೊದಲ ಸಲ ಎರಡನೇ ತಿಂಗಳಿಗೇ ತಂದವನು.

ಕೊಳ್ಳುವಾಗ

ಅಂಗಡಿಯ ತೊಟ್ಟಿಯಲ್ಲಿ ಅದು ಸಾಮಾನ್ಯವಾಗಿ ಮರಳಿಲ್ಲದ ಬರಿಗಾಜಿನ ಮೇಲೆ ಮಲಗಿರುತ್ತದೆ, ನೋಡೋಕೆ ಪಾಪ ಅನ್ನಿಸುತ್ತದೆ. ಹಾಗಿದ್ದರೂ ಮೂರು ವಿಷಯ ನೋಡಿ. ಕೊಳವೆ ಪೂರ್ತಿ ಇದೆಯಾ, ಒಳಗೆ ಮೈ ತುಂಬಿಕೊಂಡಿದೆಯಾ. ಬೆರಳಿನ ನೆರಳು ಹಾಯಿಸಿದರೆ ಎಳೆ ಒಳಗೆ ಎಳೆದುಕೊಳ್ಳುತ್ತದಾ. ಬಾಯಿ ಮುಚ್ಚಿದೆಯಾ. ಬಾಯಿ ಜೋತು ತೆರೆದಿದ್ದರೆ, ಒಳಗಿನದು ಹೊರಗೆ ಉಬ್ಬಿ ಬಂದಿದ್ದರೆ ಸುಮ್ನೆ ಬಂದುಬಿಡಿ. ನಾನು ಅಂಗಡಿಯಲ್ಲಿ ಒಂದು ಚೂರು ಮೈಸಿಸ್ (ಸಿಗಡಿಯಂಥ ಚಿಕ್ಕ ಜೀವಿ) ಹಾಕಿಸಿ, ಅದು ತಿನ್ನುವುದನ್ನು ನೋಡಿಯೇ ದುಡ್ಡು ಕೊಡುವುದು. ಮುಖ ಸಿಂಡರಿಸುತ್ತಾರೆ, ಪರವಾಗಿಲ್ಲ.

ಕೊಳವೆ ಕಳೆದುಕೊಂಡು ಬರಿಮೈಯಲ್ಲಿ ಇರುವುದು ಕಡಿಮೆ ಬೆಲೆಗೆ ಸಿಗಬಹುದು. ಮೈ ಗಾಯ ಇಲ್ಲದಿದ್ದರೆ ತರಬಹುದು, ಮರಳು ಸಿಕ್ಕಿದರೆ ಹೊಸ ಕೊಳವೆ ನೇಯ್ದುಕೊಳ್ಳುತ್ತದೆ. ಆದರೆ ಇದೇ ಮೊದಲ ಸಲ ಆದರೆ ಆ ಸಾಹಸ ಬೇಡ. ಇನ್ನು, ಕೊಳವೆಯ ಹೊರಗೆ ಚಿಕ್ಕ ಚಿಕ್ಕ ಕಪ್ಪು ಗರಿಗಳಂತೆ ಏನೋ ಆಡುತ್ತಿದ್ದರೆ ಕಿತ್ತು ಬಿಸಾಡಬೇಡಿ. ಅವು ಫೊರೊನಿಡ್ ಹುಳುಗಳು, ಇವುಗಳ ಕೊಳವೆಗೇ ಅಂಟಿಕೊಂಡು ಬದುಕುತ್ತವೆ, ತೊಂದರೆ ಕೊಡುವುದಿಲ್ಲ. ಒಂದರ ಬೆಲೆಗೆ ಎರಡು ಜೀವಿ ಬಂತು ಅಂದುಕೊಳ್ಳಿ.

ಇಳಿಸುವ ದಿನ

ಹೊರಡುವ ಮೊದಲೇ ತೊಟ್ಟಿಯ ಎಲ್ಲ ಪಂಪ್‌ಗಳ ಬಾಯಿಗೆ ಸ್ಪಂಜು ಅಥವಾ ಜಾಲರಿ ಕಟ್ಟಿ. ಮೊದಲ ರಾತ್ರಿಗಳಲ್ಲಿ ಜಾಗ ಹಿಡಿಸದೆ ಕೊಳವೆ ಬಿಟ್ಟು ತೇಲಿಹೋಗಿ ಪಂಪಿಗೆ ಸಿಕ್ಕಿದರೆ, ಬೆಳಿಗ್ಗೆ ತೊಟ್ಟಿ ತುಂಬ ಕುಟುಕುವ ಚೂರುಗಳು.

ಮನೆಗೆ ಬಂದ ಮೇಲೆ ತೊಟ್ಟಿಯ ಲೈಟ್ ಆರಿಸಿ. ಚೀಲವನ್ನು 15-20 ನಿಮಿಷ ನೀರಿನ ಮೇಲೆ ತೇಲಿಬಿಡಿ, ಉಷ್ಣತೆ ಸರಿಹೋಗಲಿ. ಆಮೇಲೆ ಚೀಲದ ನೀರು ಸಮೇತ ಬಕೆಟ್‌ಗೆ ಸುರಿದು, ಏರ್ ಪಂಪಿನ ತೆಳು ಪೈಪಿಗೆ ಒಂದು ಗಂಟು ಹಾಕಿ, ತೊಟ್ಟಿಯ ನೀರನ್ನು ಹನಿ ಹನಿಯಾಗಿ ಬಕೆಟ್‌ಗೆ ಇಳಿಸಿ, ಸೆಕೆಂಡಿಗೆ ಮೂರು ಹನಿಯ ಹಾಗೆ, ಒಂದು ಗಂಟೆ ಹೊತ್ತು. ಕೊರಿಯರ್‌ನಲ್ಲಿ ಒಂದೆರಡು ದಿನ ಪ್ರಯಾಣ ಮಾಡಿ ಬಂದಿದ್ದರೆ ಮಾತ್ರ ಇಷ್ಟು ಹೊತ್ತು ಬೇಡ. ಅಂಥ ಚೀಲದಲ್ಲಿ ಅಮೋನಿಯಾ ಸೇರಿರುತ್ತದೆ, ಬಾಯಿ ಬಿಚ್ಚಿ ಗಾಳಿ ಆಡಿದ ಮೇಲೆ ಪಿಹೆಚ್ ಏರಿ ಅದರ ವಿಷವೂ ಏರುತ್ತದೆ. ಸಾಂದ್ರತೆ ಹತ್ತಿರ ಬಂದ ಕೂಡಲೇ ಎತ್ತಿ. ಬಕೆಟ್‌ನ ನೀರನ್ನು ತೊಟ್ಟಿಗೆ ಸುರಿಯಬೇಡಿ, ಚರಂಡಿಗೆ.

ಗ್ಲೌಸ್ ಹಾಕಿಕೊಳ್ಳಿ. ಕೆಲವರಿಗೆ ಕೈ ತುರಿಸಿ ಕೆಂಪಾಗುತ್ತದೆ, ನನಗೆ ಮಣಿಕಟ್ಟಿನ ಮೇಲೆ ಎರಡು ದಿನ ಗೆರೆ ಇತ್ತು. ಆ ಕೈಯಲ್ಲಿ ಕಣ್ಣು ಉಜ್ಜಬೇಡಿ. ಊತ ಜಾಸ್ತಿ ಆದರೆ, ಉಸಿರಾಟದಲ್ಲಿ ತೊಂದರೆ ಅನ್ನಿಸಿದರೆ ಮನೆಮದ್ದು ಬೇಡ, ಆಸ್ಪತ್ರೆಗೆ ಹೋಗಿ.

ಪಂಪ್ ನಿಲ್ಲಿಸಿ. ಮರಳಿನಲ್ಲಿ ಓರೆಯಾಗಿ ಕುಳಿ ಮಾಡಿ, ಕೊಳವೆಯ ಚೂಪು ತುದಿ ಕೆಳಗೆ ಬರುವ ಹಾಗೆ ಇಳಿಸಿ, ಸುತ್ತ ಮರಳು ಎಳೆದು ಮುಚ್ಚಿ. ಕೊಳವೆಯ ಬಾಯಿ ಮರಳಿನಿಂದ ಎರಡು ಬೆರಳು ಮೇಲೆ ಇರಲಿ. ಮರಳಿಗೆ ಕಡ್ಡಿ ಚುಚ್ಚಿದ ಹಾಗೆ ಚುಚ್ಚಬೇಡಿ, ಒತ್ತಬೇಡಿ. ಮೇಲೆ ಒಂದು ಪ್ಲಾಸ್ಟಿಕ್ ಹಣ್ಣಿನ ಬುಟ್ಟಿ ಮಗುಚಿ ಕಲ್ಲಿಟ್ಟರೆ ಎರಡು ಮೂರು ದಿನ ಎಲ್ಲೂ ಹೋಗುವುದಿಲ್ಲ, ಮೀನುಗಳೂ ಹತ್ತಿರ ಬರುವುದಿಲ್ಲ.

ಜಾಗ ಆರಿಸುವಾಗ ಪಂಪಿನ ನೀರು ನೇರವಾಗಿ ಬಡಿಯದ ಕಡೆ ನೋಡಿ. ಎಳೆಗಳು ನಿಧಾನಕ್ಕೆ ತೂಗಬೇಕು, ಒಂದೇ ಕಡೆ ವಾಲಿ ನಿಂತರೆ ರಭಸ ಜಾಸ್ತಿ ಅಂತ ಅರ್ಥ. ಮೊದಲ ಎರಡು ಮೂರು ದಿನ ಮುಚ್ಚಿಕೊಂಡೇ ಇದ್ದರೆ ಗಾಬರಿ ಬೇಡ, ಊಟವೂ ಬೇಡ. ಪೂರ್ತಿ ಅರಳುವುದು ಹೆಚ್ಚಾಗಿ ಸಂಜೆ ಮೇಲೆ. ಲೈಟ್ ಆರಿಸಿ ಬರೀ ನೀಲಿ ಎಲ್‌ಇಡಿ ಉಳಿಸಿ ನೋಡಿ. ಹಸಿರು, ಕಿತ್ತಳೆ ಬಣ್ಣದವು ಒಳಗಿಂದ ದೀಪ ಹಚ್ಚಿದ ಹಾಗೆ ಹೊಳೆಯುತ್ತವೆ. ನಮ್ಮ ಮನೆಯಲ್ಲಿ ರಾತ್ರಿ ಊಟದ ಹೊತ್ತಿಗೆ ಟಿವಿ ಹಾಕುವುದು ಕಡಿಮೆ ಆಗಿದ್ದು ಹೀಗೆ.

ಯಾವ ಮೀನು ಬದುಕುತ್ತದೆ, ಯಾವುದು ಬದುಕುವುದಿಲ್ಲ

ಹಗಲು ಹೊತ್ತಿನಲ್ಲಿ ಮೀನು ಹೇಗೆ ಈಜುತ್ತದೆ ಅನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗುತ್ತದೆ ಅನ್ನುವುದನ್ನು ನೋಡಿ. ನನ್ನ ಫೈರ್‌ಫಿಶ್ ಹಗಲೆಲ್ಲ ಹೂವಿನಿಂದ ದೂರವೇ ಇರುತ್ತಿತ್ತು. ಅದು ಮಲಗುವ ಬಿಲ ಹೂವಿನಿಂದ ಒಂದು ಗೇಣು ದೂರದಲ್ಲಿತ್ತು. ಕತ್ತಲಲ್ಲಿ ಏನಕ್ಕೋ ಬೆದರಿ ಹೊರಗೆ ಹಾರಿರಬೇಕು, ಹಾರಿದ್ದು ನೇರ ಎಳೆಗಳ ಮೇಲೆ. ಆ ಹೊತ್ತಿಗೆ ಹೂವು ಪೂರ್ತಿ ಅರಳಿ ಬೇಟೆಗೆ ಕೂತಿರುತ್ತದೆ.

ಹಾಗಾಗಿ ತಳದಲ್ಲಿ ಬದುಕುವ ಮೀನು ಬೇಡ. ಗೋಬಿ, ಬ್ಲೆನ್ನಿ, ಜಾಫಿಶ್, ಫೈರ್‌ಫಿಶ್ ಎಲ್ಲ ಈ ಸಾಲಿಗೆ. ಮರಳಿನೊಳಗೆ ಹುದುಗಿ ಮಲಗುವ ಹ್ಯಾಲಿಕೋಯೆರಸ್ ಜಾತಿಯ ರಾಸ್‌ಗಳೂ ಬೇಡ, ಅವು ಹುದುಗಲು ಬರುವುದೇ ನೀವು ಹೂವಿಗೆ ಅಂತ ಮಾಡಿದ ಆ ಆಳದ ಮರಳಿಗೆ. ಮ್ಯಾಂಡರಿನ್ ಮೀನು ನಿಧಾನ, ದಿನವಿಡೀ ತಳ ಹೆಕ್ಕುತ್ತಾ ತಿರುಗುತ್ತದೆ, ಒಂದಲ್ಲ ಒಂದು ದಿನ ಸಿಕ್ಕಿಬೀಳುತ್ತದೆ. ಕಡಲಕುದುರೆಯ ಮಾತೇ ಎತ್ತಬೇಡಿ. ಅದು ಬಾಲ ಸುತ್ತಲು ಏನು ಸಿಕ್ಕರೂ ಹಿಡಿದುಕೊಳ್ಳುವ ಜೀವಿ, ಹೂವಿನ ಕೊಳವೆಯನ್ನೇ ಹಿಡಿಯುತ್ತದೆ. ಜೊತೆಗೆ ಅದೂ ಆ ಒಂದನೇ ಪರಿಚ್ಛೇದದ್ದೇ, ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ.

ಇದು ಒಂದು ಕಡೆಯ ಲೆಕ್ಕ. ಇನ್ನೊಂದು ಕಡೆ, ಹೂವನ್ನೇ ತಿನ್ನುವವರು ಇದ್ದಾರೆ. ಬಟರ್‌ಫ್ಲೈ ಮೀನುಗಳಲ್ಲಿ ಬಹಳಷ್ಟು ಎಳೆ ಕಚ್ಚುತ್ತವೆ. ದೊಡ್ಡ ಏಂಜೆಲ್, ಟ್ರಿಗರ್, ಪಫರ್ ಕೂಡ ಹಾಗೇ. ಇವು ಒಂದೇ ಸಲ ಕೊಲ್ಲುವುದಿಲ್ಲ. ದಿನಾ ಒಂದೆರಡು ಸಲ ಚುಚ್ಚುತ್ತವೆ, ಹೂವು ಹೊರಗೆ ಬರುವುದನ್ನೇ ಬಿಡುತ್ತದೆ, ಬರದಿದ್ದರೆ ಊಟ ಇಲ್ಲ, ಹಾಗೇ ಸೊರಗುತ್ತದೆ. ಪೆಪ್ಪರ್‌ಮಿಂಟ್ ಸಿಗಡಿ, ದೊಡ್ಡ ಹರ್ಮಿಟ್ ಏಡಿಗಳ ಮೇಲೂ ನನಗೆ ನಂಬಿಕೆ ಇಲ್ಲ.

ಹಾಗಾದರೆ ಉಳಿದದ್ದು ಏನು? ಸಾಕಷ್ಟಿದೆ. ನೀರಿನ ನಡುವೆ, ಮೇಲೆ ಈಜಿ, ರಾತ್ರಿ ಕಲ್ಲಿನ ಸಂದಿ ಹೊಕ್ಕು ಮಲಗುವ ಮೀನುಗಳು. ಹಸಿರು ಕ್ರೋಮಿಸ್ ಹೇಳಿದೆ. ಆಂಥಿಯಾಸ್ ಒಂದು ಗುಂಪು ಇದ್ದರೆ ಕಿತ್ತಳೆ ಬಣ್ಣ ಮೇಲೆ, ನೇರಳೆ ಹೂವು ಕೆಳಗೆ, ನೋಡುತ್ತಾ ಕೂರಬಹುದು, ಆದರೆ ಅವಕ್ಕೆ ದಿನಕ್ಕೆ ಎರಡು ಮೂರು ಸಲ ಊಟ ಹಾಕುವ ತಾಳ್ಮೆ ಇರಬೇಕು. ತೊಟ್ಟಿ 4 ಅಡಿಗಿಂತ ಉದ್ದ ಇದ್ದರೆ ಒಂದು ಟ್ಯಾಂಗ್. ಫೇರಿ ರಾಸ್‌ಗಳು ಮರಳಲ್ಲಿ ಹುದುಗದೆ ಕಲ್ಲಿನ ಮರೆಯಲ್ಲಿ ಲೋಳೆಯ ಗೂಡು ಕಟ್ಟಿ ಮಲಗುತ್ತವೆ, ಅವು ಆಗಬಹುದು, ತೊಟ್ಟಿಗೆ ಮುಚ್ಚಳ ಮಾತ್ರ ಇರಲಿ, ಹಾರುತ್ತವೆ. ಕ್ಲೌನ್ ಬೇಕೇ ಬೇಕು ಅಂದರೆ ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಒಂದು ಜೋಡಿ ತಂದು ಇನ್ನೊಂದು ತುದಿಗೆ ಬಿಡಿ. ಹೆಚ್ಚಿನವು ಹೂವಿನ ಕಡೆ ತಿರುಗಿಯೂ ನೋಡುವುದಿಲ್ಲ. ಹೆಚ್ಚಿನವು ಅಂದೆ, ಎಲ್ಲವೂ ಅನ್ನಲಿಲ್ಲ.

ಕಲ್ಲುಗಳನ್ನೆಲ್ಲ ತೊಟ್ಟಿಯ ಒಂದು ಕಡೆ, ಹೂವನ್ನು ಇನ್ನೊಂದು ಕಡೆ ಇಡಿ. ಮಲಗುವ ಜಾಗ ಮತ್ತು ಬೇಟೆಯ ಜಾಗ ದೂರ ಆದಷ್ಟೂ ಒಳ್ಳೆಯದು. ರಾತ್ರಿ ಲೈಟನ್ನು ಪಟ್ಟನೆ ಆರಿಸಬೇಡಿ. ಮೊದಲು ಬಿಳಿ, ಅರ್ಧ ಗಂಟೆ ಬಿಟ್ಟು ನೀಲಿ ಆರಲಿ, ಮೀನಿಗೆ ತನ್ನ ಸಂದಿ ಹುಡುಕಲು ಹೊತ್ತು ಸಿಗುತ್ತದೆ. ಈ ಒಂದು ಬದಲಾವಣೆ ಮಾಡಿದ ಮೇಲೆ ನಾನು ಒಂದು ಮೀನನ್ನೂ ಕಳೆದುಕೊಂಡಿಲ್ಲ.

ಹೊಸ ಮೀನು ತಂದಾಗ ಬೇರೆ ತೊಟ್ಟಿಯಲ್ಲಿ ನಾಲ್ಕು ವಾರ ಇಟ್ಟು ನೋಡಿ. ಬಿಳಿ ಚುಕ್ಕೆ ರೋಗಕ್ಕೆ ಕೊಡುವ ಔಷಧಿಗಳಲ್ಲಿ ತಾಮ್ರದವು ಬಹಳ. ಅನಿಮೋನ್ ಇರುವ ತೊಟ್ಟಿಗೆ ಅದನ್ನು ಒಂದು ಹನಿಯೂ ಹಾಕುವಂತಿಲ್ಲ, ಹಾಗಾಗಿ ರೋಗ ಒಳಗೆ ಬಂದ ಮೇಲೆ ಪರದಾಡುವುದಕ್ಕಿಂತ ಹೊರಗೇ ತಡೆಯಿರಿ.

ಊಟ

ವಾರಕ್ಕೆ ಎರಡು ಮೂರು ಸಲ. ಮೈಸಿಸ್, ಅಂಥದೇ ಚಿಕ್ಕ ಜೀವಿ ಆರ್ಟೀಮಿಯಾ ಅಂಗಡಿಯಲ್ಲಿ ಫ್ರೀಜ್ ಮಾಡಿದ್ದು ಸಿಗುತ್ತದೆ. ಮೀನು ಮಾರುಕಟ್ಟೆಯ ಸಿಗಡಿ, ಮರುವಾಯಿ (ಚಿಪ್ಪುಮೀನು), ಬೊಂಡಾಸ್ (ಸ್ಕ್ವಿಡ್) ಕೂಡ ಆಗುತ್ತದೆ, ಉಪ್ಪು ಅರಿಶಿನ ಸೋಕಿಸುವ ಮೊದಲೇ ಎತ್ತಿಟ್ಟುಕೊಳ್ಳಿ. ಚೂರು ತೊಗರಿಬೇಳೆಗಿಂತ ದೊಡ್ಡದಿರಬಾರದು. ಹೂವು ಇಷ್ಟು ದೊಡ್ಡದಿದೆ ಅಂತ ದೊಡ್ಡ ತುಂಡು ಕೊಟ್ಟರೆ ರಾತ್ರಿ ಉಗುಳುತ್ತದೆ, ಮರುದಿನ ನೀರು ಕೆಡುತ್ತದೆ.

ಸಂಜೆ ಅದು ಅರಳಿದ ಮೇಲೆ ಪಂಪ್ ನಿಲ್ಲಿಸಿ. ಮೊದಲು ಮೀನುಗಳಿಗೆ ಇನ್ನೊಂದು ತುದಿಯಲ್ಲಿ ಹಾಕಿ, ಅವು ಅತ್ತ ಗಲಾಟೆ ಮಾಡುತ್ತಿರಲಿ. ಇತ್ತ ಉದ್ದ ಪಿಪೆಟ್‌ನಲ್ಲಿ ಆಹಾರ ತೆಗೆದುಕೊಂಡು ಹೊರಗಿನ ಎಳೆಗಳ ಮೇಲೆ ಮೆಲ್ಲಗೆ ಬಿಡಿ. ಬಾಯಿಗೇ ತುರುಕಲು ಹೋದರೆ ಬೆದರಿ ಒಳಗೆ ಹೋಗುತ್ತದೆ. ಎಳೆ ಹಿಡಿಯುತ್ತದೆ, ಬಾಗುತ್ತದೆ, ಒಳಗಿನ ಗಿಡ್ಡ ಎಳೆಗಳಿಗೆ ದಾಟಿಸುತ್ತದೆ. ಐದು ನಿಮಿಷದ ಆಟ.

ಕ್ಲೀನರ್ ಸಿಗಡಿ ಇದ್ದರೆ ಅದು ಬಂದು ಹೂವಿನ ಬಾಯಿಂದಲೇ ಕಿತ್ತುಕೊಳ್ಳುತ್ತದೆ, ನಾಚಿಕೆಯೇ ಇಲ್ಲ ಅದಕ್ಕೆ. ಎರಡು ಲೀಟರ್ ನೀರಿನ ಬಾಟಲಿಯ ತಳ ಕತ್ತರಿಸಿ, ಹೂವಿನ ಮೇಲೆ ಗಂಟೆಯ ಹಾಗೆ ಕವುಚಿ, ಮೇಲಿನ ಬಾಯಿಂದ ಪಿಪೆಟ್ ಇಳಿಸಿ ಹಾಕಿ. ಹೂವು ಬಾಟಲಿಗಿಂತ ಅಗಲ ಇದ್ದರೆ ಕುಡಿಯುವ ನೀರಿನ ದೊಡ್ಡ ಕ್ಯಾನ್‌ನ ಮೇಲ್ಭಾಗ ಬೇಕಾಗಬಹುದು. ಪಂಪ್ ವಾಪಸ್ ಹಾಕುವುದನ್ನು ಮರೆಯಬೇಡಿ, ಫೋನಿನಲ್ಲಿ 15 ನಿಮಿಷಕ್ಕೆ ಅಲಾರಂ ಇಟ್ಟುಕೊಳ್ಳಿ.

ಟ್ಯೂಬ್ ಅನಿಮೋನ್ ಸಾಯುವುದು ಹೆಚ್ಚಾಗಿ ಹಸಿವಿನಿಂದ, ಅದೂ ತಿಂಗಳುಗಟ್ಟಲೆ ನಿಧಾನಕ್ಕೆ. ದಿನಾ ಅರಳುತ್ತದೆ, ಬಣ್ಣ ಇದೆ, ಚೆನ್ನಾಗಿದೆ ಅಂದುಕೊಳ್ಳುತ್ತೀರಿ. ಮೈ ಮಾತ್ರ ಸಣ್ಣ ಆಗುತ್ತಾ ಹೋಗುತ್ತದೆ, ದಿನಾ ನೋಡುವ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ತಿಂಗಳಿಗೊಂದು ಸಲ ಒಂದೇ ಜಾಗದಿಂದ ಫೋಟೋ ತೆಗೆದಿಡಿ. ಮೂರು ತಿಂಗಳ ಹಿಂದಿನದಕ್ಕೆ ಹೋಲಿಸಿ ಕುಗ್ಗಿದೆ ಅನ್ನಿಸಿದರೆ ಊಟ ದಿನ ಬಿಟ್ಟು ದಿನ ಮಾಡಿ.

ಕೈಕೊಟ್ಟಾಗ

ಕೊಳವೆ ಬಿಟ್ಟು ಹೊರಗೆ ಬಂದು ಮಲಗಿದೆಯಾ? ಮೊದಲು ನೀರು ಅಳೆಯಿರಿ. ನೀರು ಸರಿ ಇದ್ದರೆ ಮರಳು ಸಾಲದು ಅಥವಾ ಯಾರೋ ಕಚ್ಚುತ್ತಿದ್ದಾರೆ. ಪೈಪ್ ಇಟ್ಟು ಅದರೊಳಗೆ ಜಾರಿಸಿ, ಬುಟ್ಟಿ ಕವುಚಿ. ಜಾಗ ಬದಲಿಸಬೇಕಾದರೆ ಎಳೆದು ಕೀಳಬೇಡಿ, ಮರಳು ಸಮೇತ ಬೊಗಸೆಯಲ್ಲಿ ಎತ್ತಿ. ಡಬ್ಬಿಯಲ್ಲಿ ಇಟ್ಟಿದ್ದರೆ ಡಬ್ಬಿಯನ್ನೇ ಎತ್ತಬಹುದು, ಅದೊಂದು ದೊಡ್ಡ ಅನುಕೂಲ.

ಮೈ ಕರಗಿದ ಹಾಗೆ ಆಗಿ, ಹೊರಗೆ ತೆಗೆದಾಗ ಕೆಟ್ಟ ವಾಸನೆ ಬಂದರೆ ಮುಗಿಯಿತು. ಆಗ "ಇನ್ನೊಂದು ದಿನ ನೋಡೋಣ" ಅನ್ನಬೇಡಿ. ಒಂದು ದೊಡ್ಡ ಅನಿಮೋನ್ ಕೊಳೆತರೆ ಒಂದೇ ರಾತ್ರಿಯಲ್ಲಿ ಅಮೋನಿಯಾ ಏರಿ ಮೀನುಗಳೂ ಹೋಗುತ್ತವೆ. ಕೊಳವೆ ಸಮೇತ ತೆಗೆದು, ಕಾಲು ಭಾಗ ನೀರು ಬದಲಿಸಿ, ಫಿಲ್ಟರಿಗೆ ಕಾರ್ಬನ್ ಹಾಕಿ.

ಜಿರಳೆ ಸ್ಪ್ರೇ, ಸೊಳ್ಳೆ ಸ್ಪ್ರೇ ಆ ಕೋಣೆಯಲ್ಲಿ ಬೇಡ, ನೀರಿಗೆ ಇಳಿದರೆ ಸಿಗಡಿ, ಮೀನು ಎರಡಕ್ಕೂ ಕೇಡು. ಕರೆಂಟ್ ಹೋದಾಗ ಮೊದಲು ಬೇಕಾಗುವುದು ಗಾಳಿ. ಬ್ಯಾಟರಿ ಏರ್ ಪಂಪ್ ಒಂದು ಮನೆಯಲ್ಲಿ ಇರಲಿ, ಅಥವಾ ಇನ್ವರ್ಟರ್‌ಗೆ ಒಂದೇ ಒಂದು ಪಂಪ್ ಸೇರಿಸಿ.

ಊರಿಗೆ ಹೋಗುವಾಗ

ಒಂದು ವಾರ, ಹತ್ತು ದಿನ ಊಟ ಇಲ್ಲದಿದ್ದರೆ ದೊಡ್ಡ ಅನಿಮೋನ್‌ಗೆ ಏನೂ ಆಗುವುದಿಲ್ಲ. ಹಾಗಾಗಿ ಪಕ್ಕದ ಮನೆಯವರಿಗೆ ಹೂವಿಗೆ ಊಟ ಹಾಕುವ ಕೆಲಸ ಕೊಡಲೇಬೇಡಿ. ಪ್ರೀತಿ ಜಾಸ್ತಿಯಾಗಿ ಇಡೀ ಸಿಗಡಿ ಇಳಿಬಿಡುತ್ತಾರೆ. ಮೀನಿಗೆ ಹಾಕುವುದನ್ನು ದಿನಕ್ಕೊಂದರಂತೆ ಮಾತ್ರೆ ಡಬ್ಬಿಯಲ್ಲಿ ಅಳೆದಿಟ್ಟು ಕೊಡಿ. ತೊಟ್ಟಿಯ ಗಾಜಿನ ಮೇಲೆ ಟೇಪಿನಲ್ಲಿ ಒಂದು ಗೆರೆ ಹಾಕಿ, ನೀರು ಅದಕ್ಕಿಂತ ಕೆಳಗೆ ಇಳಿದರೆ ಈ ಬಕೆಟ್‌ನಿಂದ, ಈ ಪ್ಲಾಸ್ಟಿಕ್ ಜಗ್ಗಿನಲ್ಲಿ ಸುರಿಯಿರಿ ಅಂತ ತೋರಿಸಿ. ಜಗ್ಗನ್ನು ಬಕೆಟ್‌ಗೆ ದಾರ ಕಟ್ಟಿ ಇಡಿ. ಕಳೆದ ಸಲ ನಾವು ಊರಿಂದ ಬಂದು ಬಾಗಿಲು ತೆಗೆದಾಗ ಬಕೆಟ್ ಪಕ್ಕ ತಾಮ್ರದ ಚೊಂಬು ಇತ್ತು. ಆಂಟಿ ಒಳ್ಳೆ ಮನಸ್ಸಿನಿಂದಲೇ ತಂದಿದ್ದರು, ಅದೃಷ್ಟಕ್ಕೆ ನೀರು ಗೆರೆಯಿಂದ ಕೆಳಗೆ ಇಳಿದೇ ಇರಲಿಲ್ಲ.